ಫ್ಲಾರೆನ್ಸಿನಲ್ಲಿ ಹೇಳಿದ ವಿಜಯನಗರದ ಕಥೆ

ಪರಸ್ಥಳಕ್ಕೆ ಹೋಗಿ ಬಂದವನ ಮಾತನ್ನು ಕೇಳುವಾಗ ಆತನು ಏನನ್ನು ಕಂಡನೆಂಬುದನ್ನಷ್ಟೇ ನಾವು ಸಾಮಾನ್ಯವಾಗಿ ವಿಚಾರಿಸುತ್ತೇವೆ. ಆತನು ಅಲ್ಲಿ ಹೇಗೆ ಇದ್ದನು, ಯಾರೊಡನೆ ಇದ್ದನು, ಹಿಂದಿರುಗಿದ ಮೇಲೆ ಯಾವ ಊರಿನಲ್ಲಿ, ಯಾರ ಮುಂದೆ, ಯಾವ ಕಾರಣದಿಂದ ಬಾಯಿ ತೆರೆದನು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಪ್ರವಾಸ ಗ್ರಂಥಗಳ ವಿಮರ್ಶೆಯಲ್ಲಿ ಈ ಎರಡನೆಯ ಬಗೆಯ ಪ್ರಶ್ನೆಗಳೇ ಹೆಚ್ಚು ಫಲದಾಯಕವೆಂದು ನಮ್ಮ ಅಭಿಪ್ರಾಯ. ಇದಕ್ಕೆ ನಿದರ್ಶನವಾಗಿ ಇಟಲಿ ದೇಶದ ನಿಕೊಲೊ ಕೊಂಟಿಯ ವೃತ್ತಾಂತವನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಕೊಂಟಿಯ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ‘ವಿಜಯನಗರಕ್ಕೆ ಬಂದ ಪರದೇಶೀ ಪ್ರವಾಸಿಗರ ಹೆಸರುಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ ಅವರು ಕೊಂಟಿ, ಅಬ್ದುಲ್ ರಜಾಕ್, ಪಾಯೆಸ್, ನ್ಯೂನಿಜ್ ಎಂದು ಒಂದೇ ಉಸಿರಿನಲ್ಲಿ ಹೇಳಬಲ್ಲರು. ಇನ್ನೂ ಚುರುಕಾದ ಹುಡುಗನಿದ್ದರೆ ನಗರದ ಸುತ್ತಳತೆ 60 ಮೈಲು, ಆಯುಧ ಹಿಡಿಯಬಲ್ಲ ಜನರು 90,000 ಎಂಬ ಅಂಕಿಗಳನ್ನೂ ಸೇರಿಸುವನು. ಅಲ್ಲಿಗೆ ಕೊಂಟಿಯ ಕಾರ್ಯ ಮುಗಿಯಿತು, ಅಂಕಗಳು ದೊರೆತವು. ಆದರೆ ಆ ಹೆಸರಿನ ಹಿಂದೆ ಒಬ್ಬ ಸಂಸಾರಿ ಇದ್ದಾನೆ, ಆ ಅಂಕಿಗಳ ಹಿಂದೆ ಒಂದು ದುಃಖವಿದೆ ಎಂಬುದು ಪಾಠದಲ್ಲಿ ಬರುವುದಿಲ್ಲ.

ಕೊಂಟಿಯು ವೆನಿಸ್ ನಗರಕ್ಕೆ ಸಮೀಪದ ಕಿಯೋಜ್ಜಿಯ ಎಂಬ ಊರಿನವನು. ವ್ಯಾಪಾರಕ್ಕಾಗಿ ಡಮಾಸ್ಕಸ್ಸಿಗೆ ಬಂದು ಅಲ್ಲಿ ಅರಬ್ಬಿ ಭಾಷೆಯನ್ನು ಕಲಿತನು. ಮುಂದೆ ಪರ್ಶಿಯದ ಒಂದು ಬಂದರಿನಲ್ಲಿ ಪಾರಸಿಯನ್ನು ಕಲಿತು, ಆ ದೇಶದ ಉಡುಪನ್ನೇ ತೊಟ್ಟು, ಅಲ್ಲಿಯ ವರ್ತಕರೊಡನೆ ಹಡಗು ಹತ್ತಿದನು. ಖಂಬಾಯತ್ ಬಂದರಿಗೂ ಅಲ್ಲಿಂದ ಪಶ್ಚಿಮ ಕರಾವಳಿಗೂ ಬಂದು, ಒಳನಾಡಿಗೆ ನಡೆದು ವಿಜಯನಗರವನ್ನು ಸೇರಿದನು. ಇದು 1420ರ ಸುಮಾರು ಎಂದು ವಿದ್ವಾಂಸರ ಅಂದಾಜು. ಮುಂದೆ ಸುಮಾತ್ರ, ಬರ್ಮಾ, ಜಾವಾಗಳವರೆಗೂ ಸಂಚರಿಸಿದನು. ಜಾವಾದಲ್ಲಿ ಹೆಂಡತಿಯೊಡನೆಯೂ ಸಂಗಡಿಗರೊಡನೆಯೂ 9 ತಿಂಗಳು ನಿಂತನೆಂದು ಅವನ ವೃತ್ತಾಂತವೇ ಹೇಳುತ್ತದೆ. ಅಂದರೆ ಪೂರ್ವ ದೇಶಗಳಲ್ಲಿ ಅವನು ಸಂಸಾರವನ್ನು ಹೂಡಿದ್ದನು. ಹೆಂಡತಿ ಮಕ್ಕಳು ಅವನೊಡನೆ ಊರಿಂದೂರಿಗೆ ತಿರುಗಿದರು.

ಹಿಂದಿರುಗುವ ದಾರಿಯಲ್ಲಿ ಈ ಸಂಸಾರಕ್ಕೆ ವಿಪತ್ತು ಒದಗಿತು. ಈಜಿಪ್ಟಿನ ಗಡಿಯಲ್ಲಿ ಕೊಂಟಿಯು ತನ್ನ ಕ್ರೈಸ್ತ ಮತವನ್ನು ತ್ಯಜಿಸಬೇಕಾಯಿತು. ತನ್ನ ಪ್ರಾಣಭಯಕ್ಕಿಂತಲೂ ಹೆಂಡತಿ ಮಕ್ಕಳಿಗೆ ಒದಗಿದ್ದ ಅಪಾಯವೇ ಅದಕ್ಕೆ ಕಾರಣವಾಗಿತ್ತು. 1437ರ ಸುಮಾರಿಗೆ ಸಿನಾಯ್ ಪ್ರದೇಶದಲ್ಲಿ ಸ್ಪೇನಿನ ಪ್ರವಾಸಿಯಾದ ಪೆರೊ ತಾಫುರ್ ಎಂಬವನು ಇವನನ್ನು ಸಂಸಾರ ಸಮೇತನಾಗಿ ಕಂಡನು. ಹಿಂದೂಸ್ಥಾನದ ಕಡೆಗೆ ಹೊರಟಿದ್ದ ಆ ತರುಣನಿಗೆ ‘ಹೋಗಬೇಡ’ವೆಂದು ಕೊಂಟಿಯು ಬುದ್ಧಿ ಹೇಳಿದನಂತೆ. ಯಾರಿಗಾಗಿ ಮತವನ್ನು ಬಿಟ್ಟನೋ ಅವರನ್ನಾದರೂ ಅವನು ಉಳಿಸಿಕೊಳ್ಳಲಾಗಲಿಲ್ಲ. ಕೈರೋ ನಗರದಲ್ಲಿ ಪ್ಲೇಗು ರೋಗವು ಅವನ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೊಂಡೊಯ್ದಿತು. ಉಳಿದ ಮಕ್ಕಳೊಡನೆ ಅವನು ಸ್ವದೇಶವನ್ನು ಮುಟ್ಟಿದನು.

ಆಗ ಪೋಪ್ ನಾಲ್ಕನೆಯ ಯೂಜೀನಿಯಸನು ಎರಡನೆಯ ಸಲ ಫ್ಲಾರೆನ್ಸ್ ನಗರದಲ್ಲಿ ಬಂದು ನೆಲೆಸಿದ್ದನು. 1439ರಿಂದ 1443ರವರೆಗಿನ ಈ ಕಾಲದಲ್ಲಿ ಕ್ರೈಸ್ತ ಧರ್ಮದ ಮಹಾಸಭೆಯು ಅಲ್ಲಿ ಸೇರಿತ್ತು. ದೇಶದೇಶಗಳ ಪಂಡಿತರೂ ಪಾದ್ರಿಗಳೂ ಆರ್ನೊ ನದಿಯ ತೀರದಲ್ಲಿ ನೆರೆದಿದ್ದರು. ಬ್ರುನೆಲ್ಲೆಸ್ಕಿಯು ಕಟ್ಟಿದ ಮಹಾಗುಮ್ಮಟವು ಮುಗಿದು, ಆ ದೇವಾಲಯವು 1436ರಲ್ಲಿ ಇದೇ ಪೋಪನಿಂದ ಪ್ರತಿಷ್ಠೆಗೊಂಡಿತ್ತು. ಉಣ್ಣೆ ರೇಷ್ಮೆಗಳ ವ್ಯಾಪಾರದಿಂದಲೂ ಲೇವಾದೇವಿಯಿಂದಲೂ ಸಂಪನ್ನವಾಗಿದ್ದ ಆ ನಗರಕ್ಕೆ ಕೊಂಟಿಯು ಬಂದದ್ದು ಕ್ಷಮೆಯನ್ನು ಬೇಡುವುದಕ್ಕೆ. ಇಂದು ಲಕ್ಷಾಂತರ ಸಂಸಾರಗಳು ಬೇಸಿಗೆಯ ಸೂಟಿಯಲ್ಲಿ ಆ ಗುಮ್ಮಟವನ್ನು ತಲೆಯೆತ್ತಿ ನೋಡಲು ಫ್ಲಾರೆನ್ಸಿಗೆ ಹೋಗುತ್ತವೆ. ಕೊಂಟಿಯಾದರೋ ತಲೆ ತಗ್ಗಿಸಿ ಹೋದವನು.

ಪೋಪನ ಕಾರ್ಯದರ್ಶಿಗಳಲ್ಲಿ ಪೊಜ್ಜೊ ಬ್ರಾಚೊಲೀನಿ ಎಂಬ ವಿದ್ವಾಂಸನಿದ್ದನು. ಮಠಮಠಗಳ ಕಪಾಟುಗಳನ್ನು ಶೋಧಿಸಿ ಪ್ರಾಚೀನ ಲ್ಯಾಟಿನ್ ಕೃತಿಗಳನ್ನು ಬೆಳಕಿಗೆ ತಂದವನೀತ. 1417ರಲ್ಲಿ ಲುಕ್ರೀಷಿಯಸ್ ಕವಿಯ ಕಾವ್ಯವು ಈತನಿಂದಲೇ ದೊರೆಯಿತು. ಕೊಂಟಿಯ ಮಾತುಗಳ ಸುದ್ದಿ ಇವನ ಕಿವಿಗೆ ಬಿದ್ದಿತು. ಪಂಡಿತರ ಗೋಷ್ಠಿಯಲ್ಲಿಯೂ ತನ್ನ ಮನೆಯಲ್ಲಿಯೂ ಅವನನ್ನು ಕೂಡಿಸಿಕೊಂಡು ಕೆದಕಿ ಕೆದಕಿ ಕೇಳಿದೆನೆಂದು ಪೊಜ್ಜೊ ಹೇಳಿಕೊಂಡಿದ್ದಾನೆ. ಹೀಗೆ ಕೇಳಿದ್ದನ್ನು ಲ್ಯಾಟಿನಿನಲ್ಲಿ ಬರೆದು, ‘ಅದೃಷ್ಟದ ಚಂಚಲತೆ’ ಎಂಬ ಅರ್ಥದ ಹೆಸರುಳ್ಳ ತನ್ನ ಗ್ರಂಥದ ನಾಲ್ಕನೆಯ ಭಾಗವಾಗಿ ಸೇರಿಸಿದನು. ಆ ಗ್ರಂಥವು 1448ರ ಸುಮಾರಿಗೆ ಪೂರ್ಣಗೊಂಡಿತು.

ಇಲ್ಲಿ ಒಂದು ವಿಷಯವನ್ನು ತಿದ್ದಿಕೊಳ್ಳುವುದು ಅವಶ್ಯ. ಪೋಪನು ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಕಥೆಯನ್ನು ಹೇಳಬೇಕೆಂದು ವಿಧಿಸಿದನೆಂಬ ಮಾತು ಎಲ್ಲೆಡೆಯಲ್ಲಿಯೂ ಪ್ರಚಾರದಲ್ಲಿದೆ. ಈ ಮಾತನ್ನು ಹೇಳಿದವನು ನೂರು ವರ್ಷಗಳ ಅನಂತರ ಪ್ರವಾಸ ಕಥನಗಳನ್ನು ಸಂಗ್ರಹಿಸಿದ ವೆನಿಸಿನ ರಾಮೂಸಿಯೊ. ಪೊಜ್ಜೊ ಹಾಗೆಂದು ಬರೆದಿಲ್ಲ. ತನ್ನ ಕುತೂಹಲವನ್ನೇ ಕಾರಣವಾಗಿ ಕೊಡುತ್ತಾನೆ. ನಮಗೆ ಪೊಜ್ಜೊನ ಮಾತೇ ಹೆಚ್ಚು ಸ್ವಾರಸ್ಯವಾಗಿ ತೋರುತ್ತದೆ. ಅಪ್ಪಣೆಯಿಂದ ಹೇಳಿಸಿದ ಕಥೆಗೂ ಒಬ್ಬ ಒಳ್ಳೆಯ ಕೇಳುಗನ ಮುಂದೆ ತಾನಾಗಿ ಬಿಚ್ಚಿಕೊಂಡ ಕಥೆಗೂ ವ್ಯತ್ಯಾಸವಿದೆಯಷ್ಟೆ. ತರಗತಿಯಲ್ಲಿ ಮಕ್ಕಳ ಬಾಯಿಂದ ಮಾತು ಹೊರಡಿಸುವ ಶಿಕ್ಷಕ ಬಂಧುಗಳಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇನ್ನು ವೃತ್ತಾಂತದ ಗುಣದೋಷಗಳನ್ನು ನೋಡೋಣ. ಮೊದಲು ಅಂಕಿಗಳು. ವಿಜಯನಗರವು ಕಡಿದಾದ ಬೆಟ್ಟಗಳ ಬಳಿಯಲ್ಲಿದೆ, ಕೋಟೆಯ ಗೋಡೆಗಳು ಬೆಟ್ಟಗಳ ಮೇಲೇರಿ ಬುಡದ ಕಣಿವೆಗಳನ್ನು ಒಳಗೊಳ್ಳುತ್ತವೆ ಎಂಬ ವರ್ಣನೆಯು ಹಂಪೆಯನ್ನು ಕಂಡವರೆಲ್ಲರೂ ಒಪ್ಪುವಂಥದು. ಆದರೆ ಸುತ್ತಳತೆ 60 ಮೈಲು ಎಂಬುದನ್ನು ಹಾಗೆಯೇ ಒಪ್ಪುವುದು ಕಷ್ಟ. 1567ರಲ್ಲಿ ಅದೇ ನಗರದಲ್ಲಿ 7 ತಿಂಗಳು ತಂಗಿದ್ದ ಇನ್ನೊಬ್ಬ ವೆನಿಸ್ ವರ್ತಕ, ನಮ್ಮ ಪಾಠಪುಸ್ತಕಗಳ ಸೀಸರ್ ಫ್ರೆಡರಿಕ್, ಸುತ್ತಳತೆಯನ್ನು 24 ಮೈಲು ಎನ್ನುತ್ತಾನೆ. ಅರಸನಿಗೆ 12,000 ಪತ್ನಿಯರು, ಅವರಲ್ಲಿ 4,000 ಮಂದಿ ಅಡಿಗೆಯ ಕೆಲಸದವರು ಎಂಬ ಲೆಕ್ಕವೂ ಅರಮನೆಯ ಊಳಿಗದವರನ್ನೆಲ್ಲ ರಾಣಿಯರೆಂದು ಎಣಿಸಿದಂತೆ ತೋರುತ್ತದೆ. ಅವರಲ್ಲಿ ಎರಡು ಮೂರು ಸಾವಿರ ಮಂದಿ ಅರಸನೊಡನೆ ಚಿತೆಯೇರುವ ಒಪ್ಪಂದದ ಮೇಲೆ ಬಂದವರೆಂಬ ಮಾತಿನಲ್ಲಿ ಸಂಖ್ಯೆಯು ಹೆಚ್ಚಾಗಿದ್ದರೂ, ಸಹಗಮನದ ಕ್ರೂರ ಪದ್ಧತಿಯು ಸುಳ್ಳಲ್ಲವೆಂಬುದನ್ನು ನಾವು ಮರೆಯಲಾಗದು.

ಆದರೆ ಇದೇ ಕೊಂಟಿಯು ವಿಜಯನಗರದಿಂದ ಪೆಲಗೊಂಡ ಎಂಬ ಊರಿಗೆ 8 ದಿನಗಳ ಪಯಣವೆಂದು ಹೇಳಿದ್ದಾನೆ. ಅದನ್ನು ಪೆನುಕೊಂಡೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಸುಮಾರು ಒಂದೂವರೆ ಶತಮಾನದ ಮೇಲೆ ಫ್ರೆಡರಿಕನೂ ಪೆನುಕೊಂಡೆಯು 8 ದಿನಗಳ ದಾರಿಯೆಂದೇ ಬರೆದನು. ಇದರಿಂದ ವಿಮರ್ಶಕನಿಗೆ ಒಂದು ಸೂತ್ರವು ಸಿಕ್ಕಂತಾಯಿತು: ಕೊಂಟಿಯು ಕಾಲಿನಿಂದ ಅಳೆದದ್ದು ಸರಿ, ಬಾಯಿಂದ ಅಳೆದದ್ದು ದೊಡ್ಡದು. ಪೇಟೆಯಲ್ಲಿ ಕೇಳಿದ ಕಥೆಗಳೂ ಈ ಎರಡನೆಯ ಜಾತಿಗೆ ಸೇರಿದವು. ವಿಷಸರ್ಪಗಳಿಂದ ಕೂಡಿದ ವಜ್ರದ ಬೆಟ್ಟ, ಅದರ ಮೇಲೆ ಎಸೆದ ಹಸಿಮಾಂಸಕ್ಕೆ ಅಂಟಿದ ವಜ್ರಗಳು, ಅವನ್ನು ಹೊತ್ತು ಹಾರುವ ಹದ್ದುಗಳು — ಈ ಕಥೆಯನ್ನು ಕೊಂಟಿಗಿಂತ ಒಂದು ಶತಮಾನಕ್ಕೂ ಹಿಂದೆ ಮಾರ್ಕೊ ಪೋಲೊ ಹೇಳಿದ್ದನು. ಸಿಂದಬಾದನ ಕಥೆಯಲ್ಲಿಯೂ ಅದು ಇದೆ. ಯಾವ ವರ್ತಕನೂ ವಜ್ರದ ಗಣಿಯ ನಿಜವಾದ ದಾರಿಯನ್ನು ಪರರಿಗೆ ಹೇಳಲಾರನು. ಹದ್ದಿನ ಕಥೆಯನ್ನು ಹೇಳುವನು.

ವೃತ್ತಾಂತದ ನಿಜವಾದ ಸತ್ತ್ವವು ಹಬ್ಬಗಳ ವರ್ಣನೆಯಲ್ಲಿದೆ ಎಂಬುದೇ ನಮ್ಮ ಮುಖ್ಯ ಪ್ರತಿಪಾದನೆ. ಈ ವರ್ಣನೆಯು ಜನಜೀವನವನ್ನು ಕುರಿತ ಭಾಗದಲ್ಲಿ ಬರುತ್ತದೆ. ಅರಸ ಅರಸಿಯರ ಉಲ್ಲೇಖವಿರುವುದರಿಂದ ಇತಿಹಾಸಕಾರರು ಅದನ್ನು ವಿಜಯನಗರಕ್ಕೆ ಅನ್ವಯಿಸಿದ್ದಾರೆ. ಒಂದು ಹಬ್ಬದಲ್ಲಿ ಹೆಂಗಸರು ಗಂಡಸರು ಮಕ್ಕಳು ಮುದುಕರೆನ್ನದೆ ಎಲ್ಲರೂ ಹೊಳೆಯಲ್ಲಿ ಮಿಂದು, ಹೊಸ ಬಟ್ಟೆಯುಟ್ಟು, ಮೂರು ದಿನ ಹಾಡು ಕುಣಿತ ಊಟಗಳಲ್ಲಿ ಕಳೆಯುತ್ತಾರೆ. ಇನ್ನೊಂದು ಹಬ್ಬದಲ್ಲಿ ಗುಡಿಗಳ ಒಳಗೂ ಮಾಳಿಗೆಗಳ ಮೇಲೂ ಲೆಕ್ಕವಿಲ್ಲದಷ್ಟು ದೀಪಗಳು ಹಗಲಿರುಳು ಉರಿಯುತ್ತವೆ. ಒಂಬತ್ತು ದಿನಗಳ ಹಬ್ಬದಲ್ಲಿ ದಾರಿದಾರಿಗೂ ಹಡಗಿನ ಕೂವೆಕಂಬದಂಥ ತೊಲೆಗಳನ್ನು ನಿಲ್ಲಿಸಿ ಜರಿಯ ಬಟ್ಟೆಗಳಿಂದ ಅಲಂಕರಿಸುತ್ತಾರೆ. ಅದರ ತುದಿಯಲ್ಲಿ ಕುಳಿತ ಭಕ್ತನ ಮೇಲೆ ಜನರು ಕಿತ್ತಳೆ ನಿಂಬೆಗಳನ್ನು ಎಸೆದರೂ ಅವನು ಸಹನೆಯಿಂದ ತಾಳುತ್ತಾನೆ. ಕೊನೆಗೆ ಮೂರು ದಿನ ದಾರಿಯ ಬದಿಗಿಟ್ಟ ಕೇಸರಿಯ ನೀರನ್ನು ಹೋಗುವವರ ಬರುವವರ ಮೇಲೆ, ಅರಸ ಅರಸಿಯರ ಮೇಲೆಯೂ ಎರಚುತ್ತಾರೆ. ಎಲ್ಲರೂ ನಗುತ್ತಲೇ ಅದನ್ನು ಸ್ವೀಕರಿಸುತ್ತಾರೆ.

ಯುಗಾದಿ, ದೀಪಾವಳಿ, ನವರಾತ್ರಿ, ಓಕುಳಿ — ನಮ್ಮ ಓದುಗರಿಗೆ ಹೆಸರು ಹೇಳಬೇಕಾದ ಅವಶ್ಯಕತೆಯೇ ಇಲ್ಲ. ಇಲ್ಲಿ ಉತ್ಪ್ರೇಕ್ಷೆಯಿಲ್ಲ, ಸಹಸ್ರಗಳ ಲೆಕ್ಕವಿಲ್ಲ. ನೋಡುವ ಕಣ್ಣು ಬೀದಿಯ ಮಟ್ಟದಲ್ಲಿದೆ. ಬಟ್ಟೆ ಹೊಸದೆಂಬುದು, ಎರಚುವ ನೀರನ್ನು ಮೊದಲೇ ದಾರಿಯ ಬದಿಗೆ ಇಟ್ಟಿರುವರೆಂಬುದು, ನೆನೆದವರು ಕೋಪಿಸಲಿಲ್ಲವೆಂಬುದು — ಇಂಥ ವಿವರಗಳನ್ನು ಜನರ ನಡುವೆ ನಿಂತು ತಾನೂ ನೆನೆದವನು ಮಾತ್ರ ನೆನಪಿಡಬಲ್ಲನು.

ಇದನ್ನು ಅಬ್ದುಲ್ ರಜಾಕನ ವರ್ಣನೆಯೊಡನೆ ಹೋಲಿಸಿದರೆ ಅಂತರವು ಸ್ಪಷ್ಟವಾಗುವುದು. ಆತನು ಶಾರುಖ್ ಸುಲ್ತಾನನ ರಾಯಭಾರಿ. 1443ರ ಏಪ್ರಿಲ್ ಕೊನೆಯಲ್ಲಿ ವಿಜಯನಗರವನ್ನು ಹೊಕ್ಕು, ಬೇಸಿಗೆ ಮಳೆಗಾಲಗಳನ್ನು ಅಲ್ಲಿಯೇ ಕಳೆದನು. ಅರಮನೆಯಿಂದ ಅವನ ಬಿಡಾರಕ್ಕೆ ದಿನಂಪ್ರತಿ ಕುರಿ, ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಮೇಲೆ ವರಹಗಳು ಬರುತ್ತಿದ್ದವು. ಅವನ ಮಹಾನವಮಿಯಲ್ಲಿ ಆನೆಗಳ ಸಾಲು, ಮಂಟಪಗಳು, ಸಿಂಹಾಸನದ ರತ್ನಗಳು ಕಾಣಿಸುತ್ತವೆ. ಅವು ಸುಳ್ಳಲ್ಲ, ಆದರೆ ಅತಿಥಿಗೆ ಕೊಟ್ಟ ಆಸನದಿಂದ ಕಂಡವು. ಕೊಂಟಿಗೆ ಯಾರೂ ಆಸನವನ್ನು ಕೊಟ್ಟಿರಲಿಲ್ಲ. ವೈಭವವನ್ನು ತಿಳಿಯಬೇಕಾದರೆ ರಜಾಕನನ್ನು ಓದಬೇಕು. ನಗುವನ್ನು ತಿಳಿಯಬೇಕಾದರೆ ಕೊಂಟಿಯನ್ನು ಓದಬೇಕು.

ಪೊಜ್ಜೊನ ಬರವಣಿಗೆಯಲ್ಲಿ ಎರಡು ಕೊರತೆಗಳನ್ನು ನಾವು ಎತ್ತಿ ಹೇಳಲೇಬೇಕು. ಮೊದಲನೆಯದು, ಆತನು ಕೊಂಟಿಯ ಹೆಂಡತಿಯ ಹೆಸರನ್ನು ಬರೆಯಲಿಲ್ಲ. ಊರುಗಳ ಹೆಸರು, ಹಣ್ಣುಗಳ ಹೆಸರು, ಕಲ್ಪಿತವಾದ ವಜ್ರದ ಬೆಟ್ಟದ ಹೆಸರು ಕೂಡ ಆ ಗ್ರಂಥದಲ್ಲಿದೆ. ಯಾರ ಸಲುವಾಗಿ ಒಬ್ಬ ಮನುಷ್ಯನು ತನ್ನ ಮತವನ್ನು ಬಿಟ್ಟು, ಕ್ಷಮೆ ಬೇಡಲು ಫ್ಲಾರೆನ್ಸಿನವರೆಗೆ ನಡೆದನೋ ಆ ಹೆಣ್ಣುಮಗಳ ಹೆಸರಿಲ್ಲ. ಕೆದಕಿ ಕೆದಕಿ ಕೇಳಿದವನು ಈ ಒಂದನ್ನು ಕೇಳದೆ ಬಿಟ್ಟನು, ಅಥವಾ ಕೇಳಿಯೂ ಬರೆಯದೆ ಬಿಟ್ಟನು.

ಎರಡನೆಯ ಕೊರತೆಯು ಭಾಷೆಯದು. ದೀಪಗಳಿಗೆ ಹಾಕುವ ಎಳ್ಳೆಣ್ಣೆಯನ್ನು ಹೇಳುವಲ್ಲಿ ಪೊಜ್ಜೊ ‘ಸುಸಿಮನ್ನಿ’ ಎಂಬಂಥ ಒಂದು ಶಬ್ದವನ್ನು ಉಳಿಸಿಕೊಂಡಿದ್ದಾನೆ. ಅದು ಎಳ್ಳಿಗೆ ಅರಬ್ಬಿಯಲ್ಲಿರುವ ‘ಸಿಮ್‌ಸಿಮ್’ ಎಂಬ ಹೆಸರಿಗೆ ಸಮೀಪವಾಗಿ ತೋರುತ್ತದೆ. ಅಂದರೆ ಕೊಂಟಿಯು ನಮ್ಮ ದೀಪವನ್ನು ಕಂಡನು, ಅದರ ಎಣ್ಣೆಯನ್ನು ವಿಚಾರಿಸಿದನು, ಆದರೆ ಹೆಸರನ್ನು ವ್ಯಾಪಾರಿಗಳ ಭಾಷೆಯಲ್ಲಿ ಕೇಳಿದನು. ಅಲ್ಲಿಂದ ಅದು ಇಟಲಿಯ ನುಡಿಗೂ ಲ್ಯಾಟಿನಿಗೂ ದಾಟಿತು. ಇದೇ ಕಾಲದಲ್ಲಿ ಇಮ್ಮಡಿ ದೇವರಾಯನ ಆಳಿಕೆಯಲ್ಲಿ ಅದೇ ರಾಜಧಾನಿಯಲ್ಲಿ ಚಾಮರಸನು ‘ಪ್ರಭುಲಿಂಗಲೀಲೆ’ಯನ್ನು ರಚಿಸಿದನು, ಲಕ್ಕಣ್ಣ ದಂಡೇಶನು ‘ಶಿವತತ್ತ್ವಚಿಂತಾಮಣಿ’ಯನ್ನು ಬರೆದನು. ಕಲ್ಯಾಣದ ಅಲ್ಲಮಪ್ರಭುವಿನ ಕಥೆಯು ತುಂಗಭದ್ರೆಯ ತೀರದಲ್ಲಿ ಕಾವ್ಯವಾಗುತ್ತಿದ್ದ ಆ ಹೊತ್ತಿನ ಸುದ್ದಿಯು ಫ್ಲಾರೆನ್ಸಿನ ಗೋಷ್ಠಿಗೆ ಮುಟ್ಟಲೇ ಇಲ್ಲ.

ಇಲ್ಲಿ ನಮ್ಮ ಸೀಮೆಯ ಮಾತೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. ಶಿರೂರ ಅನಂತಪಾಳ, ನಿಲಂಗಾ, ಉದಗೀರಗಳ ಸುತ್ತಿನಲ್ಲಿ ಮಾರ್ಗಶಿರ ಮಾಸದ ಅಮಾವಾಸ್ಯೆಯಂದು ಸಂಸಾರ ಸಂಸಾರವೇ ಹೊಲಕ್ಕೆ ಹೊರಡುತ್ತದೆ. ಜೋಳದ ಕಣಿಕೆಯ ಗುಡಿಸಲಿನಲ್ಲಿ ಪೂಜೆಯಾಗಿ, ಭಜ್ಜಿ ಅಂಬಲಿಗಳ ಊಟವು ಬಂಧುಬಾಂಧವರೊಡನೆ ನಡೆಯುತ್ತದೆ. ಇದನ್ನು ಮರಾಠಿ ಮಾತನಾಡುವವರು ‘ಯೇಳವಸ’ ಎನ್ನುತ್ತಾರೆ. ಅದು ನಮ್ಮ ‘ಎಳ್ಳ ಅಮವಾಸೆ’ಯೇ. ಲಟ್ಟಲೂರ ಪುರವರಾಧೀಶ್ವರರೆಂದು ಬಿರುದನ್ನು ಹೊತ್ತ ರಾಷ್ಟ್ರಕೂಟರು ಹೋದರು, ಕಲ್ಯಾಣದ ಅರಸರು ಹೋದರು. ಕನ್ನಡದ ಶಾಸನಗಳನ್ನು ಓದುವವರೂ ಈ ನಾಡಿನಲ್ಲಿ ಕಡಿಮೆಯಾದರು. ಆದರೆ ಎಳ್ಳೆಂಬ ಒಂದು ಸಣ್ಣ ಕಾಳಿನ ಹೆಸರು ಹಬ್ಬದ ಬುತ್ತಿಯೊಳಗೆ ಕುಳಿತು, ಭಾಷೆ ಬದಲಾದವರ ಬಾಯಲ್ಲಿಯೂ ಉಳಿಯಿತು. ಲ್ಯಾಟಿನ್ ಪಂಡಿತನಿಗೆ ಸಿಗದಿದ್ದ ಶಬ್ದವನ್ನು ಸಂಸಾರಗಳು ಕಾಪಾಡಿದವು. ಕೊಂಟಿಯ ಹಬ್ಬದ ವರ್ಣನೆಯು ಅವನ ಅಂಕಿಗಳಿಗಿಂತ ಹೆಚ್ಚು ನಂಬಿಕೆಗೆ ಏಕೆ ಅರ್ಹವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಿಲ್ಲ. ಜನರು ವರ್ಷ ವರ್ಷವೂ ಮಾಡುವುದು ಸುಲಭವಾಗಿ ಸುಳ್ಳಾಗುವುದಿಲ್ಲ.

ಪೊಜ್ಜೊನ ಗ್ರಂಥದ ರಚನೆಯಲ್ಲಿಯೂ ಒಂದು ಗಂಭೀರವಾದ ಅರ್ಥವಿದೆ. ಅದರ ಮೊದಲನೆಯ ಭಾಗದಲ್ಲಿ ಅವನು ತನ್ನ ಗೆಳೆಯ ಅಂತೋನಿಯೊ ಲೋಸ್ಕಿಯೊಡನೆ ರೋಮಿನ ಕ್ಯಾಪಿಟೋಲೈನ್ ಗುಡ್ಡದ ಮೇಲೆ ಕುಳಿತು, ಒಮ್ಮೆ ಲೋಕವನ್ನಾಳಿದ ಆ ನಗರದ ಹಾಳುಬಿದ್ದ ಕಂಬಗಳನ್ನೂ ಕಮಾನುಗಳನ್ನೂ ನೋಡಿ ಮರುಗುತ್ತಾನೆ. ನಾಲ್ಕನೆಯ ಭಾಗದಲ್ಲಿ ವಿಜಯನಗರವು ದೀಪಗಳಿಂದಲೂ ನಗೆಯಿಂದಲೂ ತುಂಬಿ ನಿಂತಿದೆ. ಒಂದೇ ಗ್ರಂಥದಲ್ಲಿ ಅಲ್ಲಿಯ ಹಾಳೂರು, ಇಲ್ಲಿಯ ತುಂಬಿದೂರು. ಆದರೆ 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧವಾಯಿತು. ಎರಡು ವರ್ಷಗಳ ಮೇಲೆ ಬಂದ ಫ್ರೆಡರಿಕನು, ಒಂದು ತಿಂಗಳಲ್ಲಿ ಮುಗಿಯುವ ಕೆಲಸಕ್ಕೆ ಬಂದವನು, ದಾರಿಗಳಲ್ಲಿ ಕಳ್ಳರ ಕಾಟವಿದ್ದುದರಿಂದ 7 ತಿಂಗಳು ಅಲ್ಲಿಯೇ ಸಿಕ್ಕಿಕೊಂಡನು. ಮನೆಗಳು ನಿಂತಿವೆ, ಆದರೆ ಬರಿದಾಗಿವೆ, ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳು ವಾಸಿಸುತ್ತವೆಂದು ಹೇಳುತ್ತಾರೆ ಎಂದು ಅವನು ಬರೆದನು. ಅವನ ಪುಸ್ತಕವು 1587ರಲ್ಲಿ ವೆನಿಸಿನಲ್ಲಿ ಅಚ್ಚಾಯಿತು. ಅದೃಷ್ಟದ ಚಂಚಲತೆಯೆಂಬ ಹೆಸರು ಪೊಜ್ಜೊ ಎಣಿಸಿದುದಕ್ಕಿಂತಲೂ ಹೆಚ್ಚು ಸಾರ್ಥಕವಾಯಿತು. ಇಂದು ಜಾಗತಿಕ ಪರಂಪರೆಯ ಪಟ್ಟಿಯಲ್ಲಿ ರೋಮ್ ನಗರವೂ (1980) ಫ್ಲಾರೆನ್ಸೂ (1982) ಹಂಪೆಯೂ (1986) ಒಟ್ಟಿಗೆ ಇವೆ. ಮೂರನ್ನೂ ನೋಡಲು ಟಿಕೇಟು ಕೊಂಡು ಜನರು ಬರುತ್ತಾರೆ.

ಈ ವಿಮರ್ಶೆಯಿಂದ ಶಾಲೆಗೆ ಏನು ಪ್ರಯೋಜನವೆಂದು ಕೇಳಬಹುದು. ಬೇಸಿಗೆಯ ಸೂಟಿ ಮುಗಿದ ಮೇಲೆ ‘ನಾನು ಕಂಡ ಐತಿಹಾಸಿಕ ಸ್ಥಳ’ ಎಂದು ನಾವು ನಿಬಂಧವನ್ನು ಬರೆಸುತ್ತೇವೆ. ಮನೆಯವರೊಡನೆ ಬೀದರಿಗೋ ಬಸವಕಲ್ಯಾಣಕ್ಕೋ ಹಂಪೆಗೋ ಹೋಗಿ ಬಂದ ಮಗುವು ಕೋಟೆಯ ಉದ್ದ, ಗುಡಿಯ ಎತ್ತರ, ಕಟ್ಟಿಸಿದವರ ಹೆಸರುಗಳನ್ನು ಫಲಕದಿಂದ ಇಳಿಸಿಕೊಂಡು ಬರೆಯುತ್ತದೆ. ನಾವು ‘ಉತ್ತಮ’ವೆಂದು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಅದು ಕೊಂಟಿಯ 60 ಮೈಲಿನ ಜಾತಿಯ ಬರವಣಿಗೆ. ಅದೇ ಮಗುವನ್ನು ಹತ್ತಿರ ಕೂಡಿಸಿಕೊಂಡು, ಅಲ್ಲಿಯ ಮನೆಗಳ ಮುಂದೆ ಏನು ಒಣಹಾಕಿದ್ದರು, ಗುಡಿಯ ದೀಪಕ್ಕೆ ಯಾವ ಎಣ್ಣೆ, ಅದಕ್ಕೆ ಅಲ್ಲಿಯವರು ಏನನ್ನುತ್ತಾರೆ, ಯಾರು ನಕ್ಕರು, ನಿನ್ನ ಅವ್ವ ಅಲ್ಲಿ ಏನು ಹೇಳಿದಳು ಎಂದು ಪೊಜ್ಜೊನಂತೆ ಕೆದಕಿ ಕೇಳಿದರೆ ಬೇರೊಂದು ನಿಬಂಧವು ಹುಟ್ಟುವುದು. ಮನೆಯಲ್ಲಿ ಎಳ್ಳು, ಪೇಟೆಯಲ್ಲಿ ತೀಳ ಎನ್ನುವ ನಮ್ಮ ಗಡಿನಾಡಿನ ಮಕ್ಕಳಿಗೆ ಒಂದು ವಸ್ತುವಿನ ಎರಡು ಹೆಸರುಗಳು ತಾವಾಗಿಯೇ ಬರುತ್ತವೆ. ಕೊಂಟಿಗೆ ಇಲ್ಲದಿದ್ದ ಈ ಸಂಪತ್ತನ್ನು ಅವರು ಕಾಗದದ ಮೇಲೆ ತರುವಂತೆ ಮಾಡುವುದು ಶಿಕ್ಷಕನ ಕೆಲಸ.

ಪರದೇಶೀ ಪ್ರವಾಸಿಗರ ಬರಹಗಳನ್ನು ಕನ್ನಡದಲ್ಲಿ ಓದಬಯಸುವವರಿಗೆ ಎಚ್. ಎಲ್. ನಾಗೇಗೌಡರು ಹಲವು ಸಂಪುಟಗಳಲ್ಲಿ ಹೊರತಂದ ‘ಪ್ರವಾಸಿ ಕಂಡ ಇಂಡಿಯಾ’ ಇದೆ. ಶಾಲೆಯ ಗ್ರಂಥಾಲಯದಲ್ಲಿ ಒಂದು ಸಂಪುಟವಿದ್ದರೂ ಸಾಕು, ದೊಡ್ಡ ಮಕ್ಕಳಿಗೆ ಅದನ್ನು ಓದಿ ಹೇಳಬಹುದು. ಓದುವಾಗ ಅಂಕಿಗಳ ಬದಿಗೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಬ್ಬಗಳ ಬದಿಗೆ ಒಂದು ಗೆರೆಯನ್ನೂ ಹಾಕಿಕೊಳ್ಳುವುದು ಲೇಸು. ಕೊಂಟಿಯ ಪಾಠವು ಬಂದ ದಿನ, ಹೆಸರು ಇಸವಿಗಳ ಜೊತೆಗೆ, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಬಂದ ಒಬ್ಬ ತಂದೆಯು ದೂರದ ಊರಿನಲ್ಲಿ ಕುಳಿತು ನಮ್ಮ ಓಕುಳಿಯನ್ನು ನೆನೆಸಿಕೊಂಡನೆಂಬುದನ್ನೂ ಹೇಳಿರಿ. ಮಕ್ಕಳು ಅದನ್ನು ಮರೆಯಲಾರರು.